ಅಗ್ಗದ ಚಿತ್ರ, ಅಪ್ಪಟ ನಟನೆ

ಕಡಿಮೆ ದುಡ್ಡಿನಲ್ಲಿ ದೊಡ್ಡ ನಟರನ್ನು ಹಾಕಿಕೊಳ್ಳುವ ಉಪಾಯ ಬ್ರಿಟನ್ನಿನ ಅಮಿಕಸ್ ಕಂಪನಿಗೆ ಗೊತ್ತಿತ್ತು: ಒಂದೇ ಚಿತ್ರದಲ್ಲಿ ನಾಲ್ಕೈದು ಪುಟ್ಟ ದೆವ್ವದ ಕಥೆ, ಒಬ್ಬೊಬ್ಬರಿಗೂ ಕೆಲವೇ ದಿನಗಳ ಕಾಲ್‌ಶೀಟ್. 1972ರ ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ನಲ್ಲಿ ಜೋನ್ ಕಾಲಿನ್ಸ್, ರಾಲ್ಫ್ ರಿಚರ್ಡ್‌ಸನ್‌ರಂಥವರೆಲ್ಲ ಇದ್ದಾರೆ. ಆದರೆ ಮನಸ್ಸಲ್ಲಿ ಉಳಿಯುವವರು ಪೀಟರ್ ಕುಶಿಂಗ್. ಹೆಂಡತಿಯನ್ನು ಕಳೆದುಕೊಂಡ, ಕಸ ಸಾಗಿಸುವ ಮುದುಕ ಗ್ರಿಮ್ಸ್‌ಡೈಕ್ ಅವರ ಪಾತ್ರ. ವ್ಯಾಲೆಂಟೈನ್ ದಿನ ಬಂದ ಕಾರ್ಡುಗಳನ್ನು ಆಸೆಯಿಂದ ತೆರೆಯುತ್ತಾನೆ. ಒಂದೊಂದರಲ್ಲೂ ಹಂಗಿಸುವ ಪದ್ಯ. ಓದುತ್ತಾ ಓದುತ್ತಾ ಆ ಮುಖ ಕಳೆಗುಂದುವುದನ್ನು ನೋಡಬೇಕು. ಕುಶಿಂಗ್‌ರ ಪತ್ನಿ ಹೆಲೆನ್ ತೀರಿಕೊಂಡದ್ದು 1971ರಲ್ಲಿ. ಆ ದುಃಖ ಇನ್ನೂ ಹಸಿಯಾಗಿತ್ತು. ಕಥೆಯಲ್ಲಿ ಆ ಅವಮಾನ ತಾಳದೆ ಸತ್ತ ಮುದುಕ, ಕಾರ್ಡು ಕಳಿಸಿದವರ ಮೇಲೆ ಸೇಡು ತೀರಿಸಿಕೊಳ್ಳಲು ಗೋರಿಯಿಂದೆದ್ದು ಬಂದಾಗ ಹೆದರಿಕೆಗಿಂತ ‘ತಕ್ಕ ಶಾಸ್ತಿ’ ಅನ್ನಿಸುತ್ತದೆ. ಅಗ್ಗದ ಚಿತ್ರವೆಂದು ಮೂಗು ಮುರಿಯುವವರು ಇದೊಂದು ಕಥೆಯನ್ನಾದರೂ ನೋಡಲಿ.