ಶಾಲು, ಫೈಲು, ನುಮಾಯಿಷ್

ಬೀದರ್ ಸೀಮೆಯ ಹಳೇ ವಿದ್ಯಾರ್ಥಿಗಳ ಸಂಘಗಳನ್ನು ತೂಗಿ ನೋಡಲು ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೋ ಧಾರವಾಡದ ಕರ್ನಾಟಕ ಕಾಲೇಜನ್ನೋ ಮಾದರಿಯಾಗಿ ಹಿಡಿಯಬೇಕಿಲ್ಲ. ನಮ್ಮ ಮಾದರಿ ಹೈದರಾಬಾದಿನ ನಾಂಪಲ್ಲಿಯಲ್ಲಿದೆ. 1948ರ ಸೆಪ್ಟೆಂಬರ್‌ವರೆಗೆ ಬೀದರ್, ಭಾಲ್ಕಿ, ಔರಾದ್ ಎಲ್ಲವೂ ನಿಜಾಮರ ಆಳ್ವಿಕೆಯಲ್ಲಿದ್ದವು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಾಲವದು. ಪದವಿಯ ಆಸೆ ಇದ್ದವರಿಗೆ ರಾಜ್ಯದೊಳಗೆ ಇದ್ದ ವಿಶ್ವವಿದ್ಯಾಲಯವೆಂದರೆ 1918ರಲ್ಲಿ ಶುರುವಾದ ಉಸ್ಮಾನಿಯಾ. ಅಲ್ಲಿ ಪಾಠ ನಡೆಯುತ್ತಿದ್ದದ್ದು ಉರ್ದುವಿನಲ್ಲಿ.

ಆ ಉಸ್ಮಾನಿಯಾದ ಪದವೀಧರರು ಕಟ್ಟಿಕೊಂಡ ಸಂಘಕ್ಕೆ ಒಂದು ಆರ್ಥಿಕ ಸಮಿತಿ ಇತ್ತು. ರಾಜ್ಯದ ಆರ್ಥಿಕ ಸಮೀಕ್ಷೆ ನಡೆಸಬೇಕೆಂಬುದು ಅದರ ಹಂಬಲ, ಕೈಯಲ್ಲಿ ಕಾಸಿರಲಿಲ್ಲ. ಹಣ ಹೊಂದಿಸಲು 1938ರಲ್ಲಿ ಹೈದರಾಬಾದಿನ ಬಾಗ್-ಎ-ಆಮ್ ಉದ್ಯಾನದಲ್ಲಿ ಸ್ಥಳೀಯ ಸರಕಿನ ಪ್ರದರ್ಶನ ಏರ್ಪಡಿಸಿದರು. ಅದೇ ನುಮಾಯಿಷ್. 1946ರಲ್ಲಿ ಅದು ನಾಂಪಲ್ಲಿಯ ಮೈದಾನಕ್ಕೆ ಬಂತು, ಇಂದಿಗೂ ಹೊಸ ವರ್ಷದ ಹೊತ್ತಿಗೆ ಅಲ್ಲೇ ನೆರೆಯುತ್ತದೆ. ಅದರ ಗಳಿಕೆಯಿಂದ ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯ, ಕಮಲಾ ನೆಹರೂ ಪಾಲಿಟೆಕ್ನಿಕ್‌ನಂಥ ಸಂಸ್ಥೆಗಳು ನಡೆಯುತ್ತಿವೆ. ಹಳೇ ವಿದ್ಯಾರ್ಥಿಗಳು ಕೂಡಿದ್ದು ತಾವು ಓದಿದ ಕಟ್ಟಡಕ್ಕೆ ಸುಣ್ಣ ಬಳಿಸಲು ಅಲ್ಲ, ತಮ್ಮ ನಾಡಿನ ಬಡತನ ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ಅಳೆಯಲು. ಇದನ್ನು ಮೆಚ್ಚಲೇಬೇಕು. ಮುಂದೆ ಪ್ರದರ್ಶನ ಬೆಳೆದಷ್ಟೂ ಸಮೀಕ್ಷೆಯ ಮಾತು ಹಿಂದೆ ಸರಿಯಿತು ಎಂಬುದನ್ನೂ ಹೇಳಬೇಕು. ಇಂದು ನುಮಾಯಿಷ್‌ಗೆ ಹೋಗುವವರು ಒಣಹಣ್ಣು, ಕಾಶ್ಮೀರದ ಶಾಲು, ಜೋಕಾಲಿಗಾಗಿ ಹೋಗುತ್ತಾರೆ.

ಈಗ ನಮ್ಮ ಕಡೆಗೆ ಬರೋಣ. ಬೀದರಿನಲ್ಲಿ ಬಿ.ವಿ. ಭೂಮರಡ್ಡಿ ಕಾಲೇಜು, ಕರ್ನಾಟಕ ಕಾಲೇಜು, ಭಾಲ್ಕಿಯಲ್ಲಿ ಚನ್ನಬಸವೇಶ್ವರ ಕಾಲೇಜು, ಔರಾದಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು: ಪದವಿ ಮನೆ ಬಾಗಿಲಿಗೆ ಬಂದಿದೆ. ಆದರೆ ಕರ್ನಾಟಕದ ಬಹುತೇಕ ಸಣ್ಣ ಊರುಗಳ ಕಾಲೇಜುಗಳಂತೆ ಇಲ್ಲಿಯೂ ಹಳೇ ವಿದ್ಯಾರ್ಥಿಗಳ ಸಂಘ ಎಂದರೆ ಮೊದಲು ನೆನಪಾಗುವುದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್. ಅದರ ಐದನೇ ಮಾನದಂಡದಲ್ಲಿ ನೋಂದಾಯಿತ ಸಂಘ ಇದೆಯೇ, ಅದು ಏನು ಕೊಟ್ಟಿದೆ ಎಂದು ಕೇಳುತ್ತಾ ಬಂದಿದ್ದಾರೆ. ಕೊಡುಗೆಯನ್ನು ಲಕ್ಷದ ಲೆಕ್ಕದಲ್ಲಿ ಹಂತ ಮಾಡಿ ಅಂಕ ಕೊಟ್ಟದ್ದೂ ಉಂಟು: ಐದು ಲಕ್ಷ ದಾಟಿದರೆ ಮೇಲಿನ ಹಂತ, ಒಂದು ಲಕ್ಷದೊಳಗಿದ್ದರೆ ಕೆಳಗಿನದು. ಕೂಲಿಯವರ, ಒಣಬೇಸಾಯದವರ ಮಕ್ಕಳೇ ಓದಿ ಹೋದ ಕಾಲೇಜನ್ನೂ ಮಹಾನಗರದ ಕಾಲೇಜನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಫಲ ನಿರೀಕ್ಷಿಸಿದ್ದೇ. ಪರಿಶೀಲನಾ ತಂಡ ಬರುವ ಮುನ್ನ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಹುಟ್ಟುತ್ತದೆ, ಟಿ.ಸಿ. ಒಯ್ಯಲು ಬಂದವರಿಂದ ಸದಸ್ಯತ್ವದ ಶುಲ್ಕ ವಸೂಲಿ ಮಾಡುತ್ತಾರೆ, ಬ್ಯಾನರ್ ಕಟ್ಟಿ ಫೋಟೋ ಹಿಡಿದು ಫೈಲಿಗೆ ಸೇರಿಸುತ್ತಾರೆ. ತಂಡ ಹೋದ ಮೇಲೆ ವಾರ್ಷಿಕ ಸಭೆಯ ನೋಟಿಸು ಯಾರಿಗೂ ಬರುವುದಿಲ್ಲ.

ಇದಕ್ಕಿಂತ ಗುರುವಂದನೆ ಮೇಲು ಎಂಬುದು ನನ್ನ ಅಭಿಪ್ರಾಯ. ಎಸ್ಸೆಸ್ಸೆಲ್ಸಿಯದೋ ಪಿಯುಸಿಯದೋ ಒಂದು ಬ್ಯಾಚಿನವರು ವಾಟ್ಸಾಪ್‌ನಲ್ಲಿ ಒಬ್ಬರನ್ನೊಬ್ಬರು ಹುಡುಕಿ, ಸ್ವಂತ ದುಡ್ಡು ಹಾಕಿ, ನಿವೃತ್ತರಾದ ಮೇಷ್ಟ್ರುಗಳನ್ನು ಕರೆತಂದು ಶಾಲು ಹೊದಿಸುತ್ತಾರೆ. ಯಾವ ಅಂಕಕ್ಕೂ ಅಲ್ಲ. ಪುಣೆ, ಹೈದರಾಬಾದಿಗೆ ದುಡಿಯಲು ಹೋದವರೂ ರಜೆ ಹಾಕಿ ಬರುತ್ತಾರೆ. (ಭಾಷಣಗಳು ಮಾತ್ರ ಉದ್ದವಾಗುತ್ತವೆ, ಅನ್ನಸಾರು ಆರುತ್ತದೆ.) ಕೊರತೆ ಇರುವುದು ಬೇರೆ ಕಡೆ. ಬ್ಯಾಚಿನ ಆಚೆಗೆ ಕಣ್ಣು ಹಾಯುವುದಿಲ್ಲ. ನಡುವೆ ಓದು ಬಿಟ್ಟವರು, ಮದುವೆಯಾಗಿ ಮಹಾರಾಷ್ಟ್ರದ ಹಳ್ಳಿಗಳಿಗೆ ಹೋದ ಹೆಣ್ಣುಮಕ್ಕಳು ಗುಂಪಿಗೆ ಸೇರುವುದೇ ಅಪರೂಪ.

ಸಂಘಕ್ಕೆ ವಿಶ್ವವಿದ್ಯಾಲಯವಲ್ಲ, ಕಾಲೇಜೇ ಆಸರೆಯಾಗಬೇಕು; ಅದಕ್ಕೆ ಕಾರಣ ಈ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ಏಕೀಕರಣದ ನಂತರ ಇಲ್ಲಿಯ ಕಾಲೇಜುಗಳ ಪದವಿಗೆ ಮುದ್ರೆ ಒತ್ತಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ. ಈಗ ಬೀದರ್ ವಿಶ್ವವಿದ್ಯಾಲಯ. ಅಣ್ಣ, ತಮ್ಮ, ತಮ್ಮನ ಮಗ ಒಂದೇ ಬೆಂಚಿನಲ್ಲಿ ಕೂತು ಓದಿದರೂ ಮೂರು ವಿಶ್ವವಿದ್ಯಾಲಯಗಳ ಪದವೀಧರರು. ಕಾಲೇಜನ್ನೇ ನೆಚ್ಚಿ ಕೂಡಿದ ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನ ಹಳೇ ವಿದ್ಯಾರ್ಥಿಗಳು ವರ್ಷಗಟ್ಟಲೆ ಒತ್ತಾಯಿಸಿದರು, ಕೊನೆಗೆ 2021ರಲ್ಲಿ ಆ ಕಾಲೇಜಿಗೆ ಪ್ರತ್ಯೇಕ ಕಾಯ್ದೆಯೇ ಬಂತು. ಅವರಿಗೆ ವಿಧಾನಸೌಧ ಕೂಗಳತೆಯಲ್ಲಿತ್ತು. ನಮಗೆ ಅದು ಒಂದು ರಾತ್ರಿಯ ಪ್ರಯಾಣ.

ಹಾಗಾಗಿ ಇಲ್ಲಿಯ ಸಂಘಗಳಿಂದ ಲಕ್ಷಗಳನ್ನು ನಿರೀಕ್ಷಿಸುವುದಕ್ಕಿಂತ ತಿಳಿವಳಿಕೆಯನ್ನು ಕೇಳುವುದು ನ್ಯಾಯ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಮೀಸಲಾತಿ ಇದೆ. ನಿಜಾಮರ ಕಾಲದಲ್ಲಿ ನೌಕರಿಗಳಲ್ಲಿ ಸ್ಥಳೀಯರಿಗೆ ಆದ್ಯತೆ ಕೊಡುತ್ತಿದ್ದ ಹಳೆಯ ಮುಲ್ಕಿ ಹಕ್ಕಿನ ಮರುಹುಟ್ಟು ಅದು ಎನ್ನಬಹುದು. ಅರ್ಹತಾ ಪತ್ರಕ್ಕೆ ಯಾವ ದಾಖಲೆ ಬೇಕು, ಉಪವಿಭಾಗಾಧಿಕಾರಿ ಕಚೇರಿಗೆ ಯಾವಾಗ ಅರ್ಜಿ ಹಾಕಬೇಕು, ಬೆಂಗಳೂರಿನಲ್ಲಿ ಹಾಸ್ಟೆಲ್ ಹಿಡಿಯುವುದು ಹೇಗೆ ಎಂಬುದು ಆ ದಾರಿಯಲ್ಲಿ ಹೋಗಿ ಬಂದವರಿಗೆ ಗೊತ್ತು. ಅಂತಿಮ ವರ್ಷದವರ ಎದುರು ಅವರನ್ನು ಒಂದು ಮಧ್ಯಾಹ್ನ ಕೂರಿಸಲು ಶಾಮಿಯಾನವೂ ಬೇಡ.

ಔರಾದ್ ಸೀಮೆಯ ಡಾಬಕಾದಂಥ ಗಡಿ ಊರುಗಳ ಪ್ರಶ್ನೆ ಬೇರೆಯೇ. ಅಲ್ಲಿಯ ಹುಡುಗರಿಗೆ ಬೀದರಿಗಿಂತ ಮಹಾರಾಷ್ಟ್ರದ ಉದಗೀರ್ ಹತ್ತಿರ. ಮರಾಠಿ ಹೇಗೂ ಬಾಯಲ್ಲಿದೆ. ಉದಗೀರಿನಲ್ಲಿ ಓದಿ ಊರಿಗೆ ಮರಳಿದವನು ಬೀದರಿನ ಯಾವ ಕಾಲೇಜಿನ ಪಟ್ಟಿಯಲ್ಲೂ ಇರುವುದಿಲ್ಲ. ಕಾಲೇಜಿನ ಹೆಸರು ಬಿಟ್ಟು ಔರಾದ್ ಸೀಮೆಯ ಪದವೀಧರರೆಂದು ಕೂಡಿದರೆ ಅವನಿಗೂ ಜಾಗ ಸಿಗುತ್ತದೆ. 1938ರಲ್ಲಿ ಹಂಬಲಿಸಿ ಮುಂದೆ ಮರೆತ ಸಮೀಕ್ಷೆಯನ್ನು ಹೋಬಳಿಯಿಂದಲೇ ಶುರು ಮಾಡಬಹುದು: ಎಷ್ಟು ಜನ ಪದವಿ ಮುಗಿಸಿದರು, ಎಷ್ಟು ಜನ ನಡುವೆ ಬಿಟ್ಟರು, ಯಾಕೆ ಬಿಟ್ಟರು.