ಬೂಷ್ಟಿನ ಅಂಕಪಟ್ಟಿ

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟ ನಮ್ಮವರ ಕೈಗೆ ಕೆಲವೊಮ್ಮೆ ಒಂದು ಪುಟದ ವರದಿ ಬರುತ್ತದೆ. ಮೂವತ್ತಾರು ಲ್ಯಾಟಿನ್ ಹೆಸರು, ಪ್ರತಿಯೊಂದರ ಎದುರಿಗೆ ಒಂದು ಸಂಖ್ಯೆ, ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಮನೆಗೆ ಕೊಟ್ಟ ಅಂಕ. ಓಹಾಯೋದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥದ್ದೊಂದನ್ನು ಫೋನಿಗೆ ಕಳಿಸಿ, "ಸರ್, 1.6 ಬಂದಿದೆ. ಬ್ರೋಕರ್ ಏನೂ ತೊಂದರೆ ಇಲ್ಲ ಅಂತಾರೆ. ತಗೋಬಹುದಾ?" ಎಂದು ಕೇಳಿದಳು. ಒಂದು ಕಾಲದಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದ ತಪ್ಪಿಗೆ ಇಂಥ ಪ್ರಶ್ನೆಗಳು ನನ್ನ ಪಾಲಿಗೆ ಬರುತ್ತವೆ. ನಿನ್ನ ಮೂಗು ಏನನ್ನುತ್ತದೆ ಎಂದು ಕೇಳಿದೆ. "ಬೇಸ್‌ಮೆಂಟಿನ ಬಚ್ಚಲ ಹತ್ತಿರ ಮುಗ್ಗಲು ವಾಸನೆ ಇದೆ ಸರ್. ಆದರೆ ಇದು ಡಿಎನ್‌ಎ ಟೆಸ್ಟಲ್ವಾ?"

ಈ ಬರಹ ಅವಳ ಆ ಕೊನೆಯ ಪ್ರಶ್ನೆಯ ಬಗ್ಗೆ.

ವರದಿಯ ಹೆಸರು ಎನ್ವಿರಾನ್‌ಮೆಂಟಲ್ ರಿಲೇಟಿವ್ ಮೋಲ್ಡಿನೆಸ್ ಇಂಡೆಕ್ಸ್, ಬಾಯಿಮಾತಿನಲ್ಲಿ 'ಅರ್ಮಿ'. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ (ಇಪಿಎ) ಸ್ಟೀಫನ್ ವೆಸ್ಪರ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಪ್ರಕಟಿಸಿದರು. ಇದರ ಹಿಂದಿನ ಕ್ಲೀವ್‌ಲ್ಯಾಂಡ್ ಕಥೆ ಈ ಕ್ಷೇತ್ರದವರಿಗೆಲ್ಲ ಗೊತ್ತು: 1993-94ರಲ್ಲಿ ಶ್ವಾಸಕೋಶದಲ್ಲಿ ರಕ್ತಸ್ರಾವವಾದ ಹತ್ತು ಶಿಶುಗಳು, ಅವರ ನೆನೆದ ಮನೆಗಳು, ಕಪ್ಪು ಬೂಷ್ಟು ಸ್ಟ್ಯಾಕಿಬಾಟ್ರಿಸ್ ಮೇಲೆ ಬಿದ್ದ ಅನುಮಾನ, ಆ ನಂಟು ಸಾಬೀತಾಗಿಲ್ಲವೆಂದು 2000ದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹಿಂದೆ ಸರಿದದ್ದು. ಅನುಮಾನ ಬಿದ್ದುಹೋದರೂ ಅದರ ಬೆನ್ನಿಗೆ ಬೆಳೆದ, ಡಿಎನ್‌ಎಯಿಂದ ಬೂಷ್ಟು ಎಣಿಸುವ ತಂತ್ರ ಉಳಿಯಿತು, ಪೇಟೆಂಟ್ ಪಡೆಯಿತು, ಖಾಸಗಿ ಪ್ರಯೋಗಾಲಯಗಳಿಗೆ ಪರವಾನಗಿಯಾಗಿ ಹೋಯಿತು.

ತಂತ್ರದ ಬಗ್ಗೆ ನನ್ನ ತಕರಾರಿಲ್ಲ. ಹಜಾರದಲ್ಲಿ ಎರಡು ಚದರ ಮೀಟರು, ಮಲಗುವ ಕೋಣೆಯಲ್ಲಿ ಎರಡು ಚದರ ಮೀಟರು ನೆಲವನ್ನು ಐದೈದು ನಿಮಿಷ ವ್ಯಾಕ್ಯೂಮ್‌ನಿಂದ ಎಳೆಯುತ್ತಾರೆ. ಬಂದ ಧೂಳನ್ನು ಜರಡಿ ಹಿಡಿದು, ಅದರಲ್ಲಿ ಐದೇ ಮಿಲಿಗ್ರಾಮ್ ತೆಗೆದುಕೊಂಡು, ಗಾಜಿನ ಸಣ್ಣ ಮಣಿಗಳ ಜೊತೆ ಕುಲುಕಿ ಬೀಜಾಣುಗಳ ಗಟ್ಟಿ ಗೋಡೆ ಒಡೆಯುತ್ತಾರೆ. ಹೊರಬಂದ ಡಿಎನ್‌ಎಯನ್ನು ಶುದ್ಧಿ ಮಾಡಿ, ಒಂದೊಂದು ಪ್ರಭೇದಕ್ಕೂ ಹೊಂದುವ ಪ್ರೋಬ್ ಇಟ್ಟು ಪಿಸಿಆರ್ ಯಂತ್ರದಲ್ಲಿ ಎಣಿಸುತ್ತಾರೆ. ಡಿಎನ್‌ಎ ತೆಗೆಯುವಾಗ ಎಷ್ಟು ಸೋರಿಹೋಯಿತು ಎಂದು ತಿಳಿಯಲು ಜಿಯೋಟ್ರೈಕಮ್ ಕ್ಯಾಂಡಿಡಮ್ ಎಂಬ ಬೇರೆ ಶಿಲೀಂಧ್ರದ ಬೀಜಾಣುಗಳನ್ನು ಅಳತೆ ಮಾಡಿ ಮೊದಲೇ ಬೆರೆಸಿರುತ್ತಾರೆ. ಅಚ್ಚುಕಟ್ಟಾದ ಕೆಲಸ. ಸೂಕ್ಷ್ಮದರ್ಶಕದಡಿ ಬೀಜಾಣು ಎಣಿಸುವವರು ಆಸ್ಪರ್ಜಿಲಸ್ ಯಾವುದು, ಪೆನಿಸಿಲಿಯಮ್ ಯಾವುದು ಎಂದು ಬೇರ್ಪಡಿಸಲಾಗದೆ ಎರಡನ್ನೂ ಒಂದೇ ಸಾಲಿಗೆ ನೂಕುತ್ತಾರೆ. ಇಲ್ಲಿ ಆಸ್ಪರ್ಜಿಲಸ್‌ನಲ್ಲೇ ಹತ್ತಕ್ಕೂ ಹೆಚ್ಚು ಪ್ರಭೇದಗಳಿಗೆ ಒಂದೊಂದು ಸಾಲಿದೆ.

ಇಲ್ಲಿಯವರೆಗೆ ವಿಜ್ಞಾನ. ಇನ್ನು ಮುಂದೆ ಬರುವುದು ಅಂಕಗಣಿತ, ನನ್ನ ಜಗಳ ಇರುವುದು ಅದರ ಜೊತೆ.

ಮೂವತ್ತಾರನ್ನು ಎರಡು ಗುಂಪು ಮಾಡಿದ್ದಾರೆ. ಮೊದಲ ಗುಂಪಿನ 26 ನೀರು ಸೋರಿ ಹಾಳಾದ ಮನೆಗಳಲ್ಲಿ ಹೆಚ್ಚಾಗಿ ಸಿಗುವಂಥವು. ಎರಡನೆಯ ಗುಂಪಿನ 10 ಎಲ್ಲ ಮನೆಗಳಲ್ಲೂ ಸಾಮಾನ್ಯ, ಬಹುಪಾಲು ಹೊರಗಿನಿಂದ ಬಂದವು. ಪ್ರತಿಯೊಂದರ ಸಂಖ್ಯೆಗೂ ಹತ್ತರ ಲಾಗರಿದಮ್ ತೆಗೆದು, ಮೊದಲ ಗುಂಪಿನದನ್ನೆಲ್ಲ ಕೂಡಿ, ಅದರಿಂದ ಎರಡನೆಯ ಗುಂಪಿನ ಮೊತ್ತವನ್ನು ಕಳೆದರೆ ಅರ್ಮಿ ಸಿಗುತ್ತದೆ. 2006ರ ರಾಷ್ಟ್ರೀಯ ಸಮೀಕ್ಷೆಯೊಂದರ 1,096 ಅಮೆರಿಕನ್ ಮನೆಗಳ ಧೂಳಿಗೆ ಈ ಲೆಕ್ಕ ಹಾಕಿ, ಸುಮಾರು -10ರಿಂದ 20ರವರೆಗಿನ ಅಳತೆಪಟ್ಟಿ ಕಟ್ಟಿದರು. -4ಕ್ಕಿಂತ ಕೆಳಗಿದ್ದರೆ ಅತಿ ಕಡಿಮೆ ಬೂಷ್ಟಿನ ಕಾಲುಭಾಗ ಮನೆಗಳಲ್ಲಿ ನಿಮ್ಮದೊಂದು. 5ಕ್ಕಿಂತ ಮೇಲಿದ್ದರೆ ಅತಿ ಹೆಚ್ಚಿನ ಕಾಲುಭಾಗದಲ್ಲಿ.

ಕಳೆಯುವುದು ಯಾಕೆ? ಮನೆಯಿಂದ ಮನೆಗೆ ಧೂಳಿನ ಗುಣ ಬೇರೆ, ಹೊರಗಿನ ಬೀಜಾಣುಗಳ ಹೊರೆ ಬೇರೆ. ಅದನ್ನು ಸರಿದೂಗಿಸಲು ಕಳೆಯುತ್ತೇವೆ ಎಂಬುದು ಸಮರ್ಥನೆ. ಕೇಳಲು ನ್ಯಾಯವೆನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಮನೆಯ ಧೂಳಿನಲ್ಲಿ ಮೂವತ್ತಾರೂ ಇದ್ದು, ಎಲ್ಲವೂ ಒಟ್ಟಿಗೆ ಎರಡು ಪಟ್ಟಾದವು ಎನ್ನೋಣ. ಒಳಗಿನ ಬೂಷ್ಟಿಗೂ ಹೊರಗಿನದಕ್ಕೂ ಇರುವ ಪ್ರಮಾಣ ಬದಲಾಗಿಲ್ಲ. ಸರಿದೂಗಿಸುವ ಲೆಕ್ಕವಾದರೆ ಅಂಕ ಅಲ್ಲಾಡಬಾರದು. ಎರಡರ ಲಾಗ್ 0.3. ಕೂಡುವ ಕಡೆ 26 ಸಲ 0.3, ಕಳೆಯುವ ಕಡೆ 10 ಸಲ 0.3. ಉಳಿದ 16 ಸಲದ 0.3 ಸೇರಿ ಅಂಕ 4.8 ಮೇಲೇರುತ್ತದೆ. ಕೆಳಗಿನ ಕಾಲುಭಾಗಕ್ಕೂ ಮೇಲಿನ ಕಾಲುಭಾಗಕ್ಕೂ ನಡುವಿನ ಅಂತರವೇ 9. ನಿಜವಾದ ಮನೆಗಳಲ್ಲಿ ಮೂವತ್ತಾರೂ ಸಿಗುವುದಿಲ್ಲ, ಒಪ್ಪಿದೆ. ಮೊದಲ ಗುಂಪಿನ ಹದಿನಾರು, ಎರಡನೆಯದರ ಎಂಟು ಸಿಕ್ಕವು ಎಂದರೂ 2.4 ಏರಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಇಪ್ಪತ್ತಾರು ಬಟ್ಟು, ಇನ್ನೊಂದರಲ್ಲಿ ಹತ್ತು ಇಟ್ಟು ಅದನ್ನು ಸರಿತೂಕ ಎಂದು ಕರೆಯಲಾಗದು.

ಇನ್ನೊಂದು ಬದಿಯಿಂದ ನೋಡಿ. ಎರಡನೆಯ ಗುಂಪಿನಲ್ಲಿರುವ ಕ್ಲಾಡೋಸ್ಪೋರಿಯಮ್, ಆಲ್ಟರ್ನೇರಿಯಾ, ಎಪಿಕೊಕಮ್ ಎಲೆ ಉದುರುವ ಕಾಲದಲ್ಲಿ ಗಾಳಿಯ ತುಂಬ ಇರುವಂಥವು. ಕಿಟಕಿ ತೆರೆದಿಡಿ, ತೋಟದ ಮಣ್ಣು ಮೆತ್ತಿದ ಬೂಟಿನಲ್ಲೇ ಹಜಾರದಲ್ಲಿ ಓಡಾಡಿ: ಅಂಕ ಇಳಿಯುತ್ತದೆ. ಗೋಡೆಯೊಳಗಿನ ಒಂದು ಎಳೆಯೂ ಸತ್ತಿರುವುದಿಲ್ಲ. ಕಿಟಕಿ ಮುಚ್ಚಿ ಏರ್ ಫಿಲ್ಟರ್ ಹಚ್ಚಿಕೊಂಡು ಹತ್ತನೇ ಮಹಡಿಯಲ್ಲಿರುವವರಿಗೆ ಹೊರಗಿನ ಹತ್ತು ಕಡಿಮೆಯಾಗಿ, ಕಳೆಯಲು ಏನೂ ಸಿಗದೆ, ಅಂಕ ಏರುತ್ತದೆ.

ಆದರೂ ಇವು ಚಿಲ್ಲರೆ. ನನ್ನನ್ನು ವಾರಗಟ್ಟಲೆ ಕಾಡಿದ್ದು ಎರಡನೆಯ ಗುಂಪಿನ ಒಂದೇ ಸಾಲು: ಪೆನಿಸಿಲಿಯಮ್ ಕ್ರೈಸೋಜೀನಮ್. ಪೆನಿಸಿಲಿನ್ ಕೊಟ್ಟ ಬೂಷ್ಟು ಎಂದು ನಮ್ಮ ಕಾಲದ ಪಠ್ಯಪುಸ್ತಕಗಳು ಹೊಗಳಿದ ಹೆಸರು. ಡೆನ್ಮಾರ್ಕಿನ ಬಿರ್ಗಿಟ್ಟೆ ಆಂಡರ್ಸನ್ ಮತ್ತು ಜೊತೆಯವರು ಬೂಷ್ಟು ಕಣ್ಣಿಗೆ ಕಾಣುತ್ತಿದ್ದ ಕಟ್ಟಡ ಸಾಮಗ್ರಿಗಳಿಂದ ತೆಗೆದ 5,300ಕ್ಕೂ ಹೆಚ್ಚು ಮಾದರಿಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ನೆನೆದು ಹಾಳಾದ ಕಟ್ಟಡಗಳಲ್ಲಿ ಅತಿ ಸಾಮಾನ್ಯವಾದ ಎರಡು ಪ್ರಭೇದಗಳು ಪೆನಿಸಿಲಿಯಮ್ ಕ್ರೈಸೋಜೀನಮ್ ಮತ್ತು ಆಸ್ಪರ್ಜಿಲಸ್ ವರ್ಸಿಕಲರ್ ಎಂದು ಅದು ದೃಢಪಡಿಸಿತು. ಕ್ರೈಸೋಜೀನಮ್ ವಿಶೇಷವಾಗಿ ಇಷ್ಟಪಡುವುದು ಜಿಪ್ಸಮ್ ಹಲಗೆ ಮತ್ತು ವಾಲ್‌ಪೇಪರ್. ಅಮೆರಿಕದ ಮನೆಗಳ ಒಳಗೋಡೆಯೆಂದರೆ ಬಹುಪಾಲು ಅದೇ ಜಿಪ್ಸಮ್ ಹಲಗೆ.

ಅರ್ಮಿಯಲ್ಲಿ ವರ್ಸಿಕಲರ್ ಕೂಡುವ ಕಡೆಗಿದೆ, ಕ್ರೈಸೋಜೀನಮ್ ಕಳೆಯುವ ಕಡೆಗಿದೆ. ಪೈಪು ಸೋರಿ, ಹಲಗೆ ನೆನೆದು, ಈ ಬೂಷ್ಟು ಮಿಲಿಗ್ರಾಮಿಗೆ 10ರಿಂದ 10,000ಕ್ಕೆ ಬೆಳೆಯಿತು ಎನ್ನಿ. ಅದರ ಲಾಗ್ 1ರಿಂದ 4ಕ್ಕೆ ಏರಿತು, ಮನೆಯ ಅಂಕ 3 ಇಳಿಯಿತು. ಗೋಡೆ ನೆನೆದಷ್ಟೂ ಕಾಗದದ ಮೇಲೆ ಮನೆ ಒಣಗುತ್ತ ಹೋಗುತ್ತದೆ. ಅದೇ ಡೆನ್ಮಾರ್ಕಿನ ಅಧ್ಯಯನ ಜಿಪ್ಸಮ್‌ಗೆ ಜೋಡಿಸಿದ ಇನ್ನು ಮೂರರಲ್ಲಿ ಸ್ಟ್ಯಾಕಿಬಾಟ್ರಿಸ್ ಕೂಡುವ ಕಡೆಗಿದೆ, ಆದರೆ ಅಕ್ರಿಮೋನಿಯಮ್ ಕೂಡ ಕಳೆಯುವ ಸಾಲಿನಲ್ಲೇ ಇದೆ. ಯುಲೋಕ್ಲೇಡಿಯಮ್ ಮೂವತ್ತಾರರಲ್ಲಿ ಎಲ್ಲೂ ಇಲ್ಲ.

ವರದಿಯಲ್ಲಿ ಇರುವುದು ಕ್ರೈಸೋಜೀನಮ್ 'ಟೈಪ್ 2', ಎಲ್ಲ ಕ್ರೈಸೋಜೀನಮ್ ಅಲ್ಲ ಎಂದು ಯಾರಾದರೂ ಆ ಬಾಲ ಹಿಡಿದು ನೇತಾಡಬಹುದು. ನೇತಾಡಲಿ. 2011ರಲ್ಲೇ ಹೌಬ್ರಾಕೆನ್, ಫ್ರಿಸ್ವಾಡ್ ಮತ್ತು ಸ್ಯಾಮ್ಸನ್ ಈ ಪ್ರಭೇದವನ್ನು ಬಿಡಿಸಿ, ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್‌ನ ಬೂಷ್ಟು ಕ್ರೈಸೋಜೀನಮ್ಮೇ ಅಲ್ಲ, ಪೆನಿಸಿಲಿಯಮ್ ರೂಬೆನ್ಸ್ ಎಂದು ತೋರಿಸಿದರು. ಮರುವರ್ಷ ವರ್ಸಿಕಲರ್ ಕೂಡ ಒಡೆದು ಹಲವು ಹೊಸ ಹೆಸರುಗಳಾಯಿತು. ವಾಲೆಮಿಯಾ ಸೆಬಿ ಅದಕ್ಕೂ ಮೊದಲೇ ಒಡೆಯಲು ಶುರುವಾಗಿತ್ತು. ಶಿಲೀಂಧ್ರಗಳ ಹೆಸರುಗಳನ್ನು ಹೀಗೆ ಕಲಕಿದ್ದೂ ಡಿಎನ್‌ಎಯೇ. 2007ರಲ್ಲಿ ಗಟ್ಟಿಮಾಡಿದ ಪಟ್ಟಿ ಇಂದಿನ ಯಾವ ಪ್ರಭೇದವನ್ನು ಎಣಿಸುತ್ತಿದೆ ಎಂದು ಒಂದು ಪುಟದ ವರದಿ ಓದುವ ಗೃಹಿಣಿಗೆ ಯಾರು ಹೇಳಬೇಕು?

ಅರ್ಮಿಯನ್ನು ಹೊಗಳುವವರಿಗಿಂತ ಅದನ್ನು ತಪ್ಪು ಕಾರಣಕ್ಕೆ ಬೈಯುವವರ ಮೇಲೆ ನನಗೆ ಹೆಚ್ಚು ಸಿಟ್ಟು. ಅವರಲ್ಲಿ ಮೊದಲ ಪಂಗಡದವರು ಪೆಟ್ರಿ ತಟ್ಟೆಯ ಭಕ್ತರು. ಪಿಸಿಆರ್ ಸತ್ತ ಬೀಜಾಣುವನ್ನೂ ಎಣಿಸುತ್ತದೆ, ತಟ್ಟೆಯ ಮೇಲೆ ಬೆಳೆದದ್ದೇ ಸತ್ಯ ಎಂಬುದು ಇವರ ಪಲ್ಲವಿ. ಎಣಿಸುತ್ತದೆ ನಿಜ. ಸತ್ತ ಬೀಜಾಣುವಿನಲ್ಲೂ ಅಲರ್ಜಿ ತರುವ ಪ್ರೋಟೀನು ಇರುತ್ತದೆ. ಉಬ್ಬಸದ ಮಗುವಿನ ಶ್ವಾಸನಾಳ ಬೀಜಾಣುವಿನ ಮರಣಪತ್ರ ನೋಡಿ ಸುಮ್ಮನಾಗುವುದಿಲ್ಲ. ತಟ್ಟೆಯ ಸತ್ಯವಾದರೂ ಎಂಥದ್ದು? ಕಡಿಮೆ ನೀರಿನಲ್ಲಿ ಬದುಕುವ ವಾಲೆಮಿಯಾ, ಆಸ್ಪರ್ಜಿಲಸ್ ಪೆನಿಸಿಲಿಯೋಯ್ಡಿಸ್ ಸಾಮಾನ್ಯ ಮಾಲ್ಟ್ ಅಗರ್ ಮೇಲೆ ತಲೆ ಎತ್ತುವುದೇ ಕಷ್ಟ. ಸ್ಟ್ಯಾಕಿಬಾಟ್ರಿಸ್ ನಿಧಾನಿ, ಅವಸರದ ಪೆನಿಸಿಲಿಯಮ್ ತಟ್ಟೆ ತುಂಬುವಷ್ಟರಲ್ಲಿ ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ನಾನೇ ಮೂವತ್ತು ವರ್ಷ ಹುಡುಗರಿಗೆ ತಟ್ಟೆ ತೋರಿಸಿ ಪಾಠ ಮಾಡಿದವನು. ಅದು ತೋರಿಸದೇ ಇದ್ದದ್ದೇನೆಂದು ಈಗ ಗೊತ್ತಾದಾಗ ನಾಚಿಕೆಯಾಗುತ್ತದೆ.

ಎರಡನೆಯ ಪಂಗಡ, ಮೂವತ್ತಾರು ಜಾಸ್ತಿಯಾಯಿತು, ಐದು ಸಾಕು ಎಂದು ಹೆರ್ಟ್‌ಸ್ಮಿ-2 ಎಂಬ ಇನ್ನೊಂದು ಅಂಕ ಮಾಡಿಕೊಂಡವರದು. ಇವರು ಕಳೆಯುವ ಗುಂಪನ್ನೇ ಎಸೆದರು, ಅದು ಒಳ್ಳೆಯದು. ಆದರೆ ಉಳಿಸಿಕೊಂಡ ಐದರಲ್ಲಿ ಕ್ರೈಸೋಜೀನಮ್ ಇಲ್ಲ. ಮೂರನೆಯವರು ಹೊಸ ಹುರುಪಿನವರು: ಪಟ್ಟಿಯೇ ಬೇಡ, ಧೂಳಿನಲ್ಲಿರುವ ಎಲ್ಲ ಡಿಎನ್‌ಎಯನ್ನೂ ಓದಿಬಿಡೋಣ ಎನ್ನುತ್ತಾರೆ. ಅವರು ಓದುವ ಐಟಿಎಸ್ ಭಾಗವನ್ನು 2012ರಲ್ಲಿ ಶಿಲೀಂಧ್ರಗಳ ಅಧಿಕೃತ ಬಾರ್‌ಕೋಡ್ ಎಂದು ಒಪ್ಪಿದ್ದೇನೋ ಹೌದು. ಆದರೆ ಮನೆಯೊಳಗೆ ಮುಖ್ಯವಾದ ಪೆನಿಸಿಲಿಯಮ್, ಆಸ್ಪರ್ಜಿಲಸ್‌ಗಳಲ್ಲೇ ಎಷ್ಟೋ ಪ್ರಭೇದಗಳನ್ನು ಅದು ಬೇರ್ಪಡಿಸಲಾರದು. ಬೀಟಾ ಟ್ಯುಬುಲಿನ್, ಕ್ಯಾಲ್ಮೋಡ್ಯುಲಿನ್ ಜೀನುಗಳನ್ನೂ ಓದಬೇಕು. ಇಷ್ಟಾಗಿ ಈ ದಾರಿಯಲ್ಲಿ ಹೋದವರು ಕಂಡದ್ದೇನು? ಅಮೆಂಡ್ ಮತ್ತು ಸಂಗಡಿಗರು 2010ರಲ್ಲಿ ಆರು ಖಂಡಗಳ 72 ಮಾದರಿಗಳಿಂದ, ಬಾರ್ಬೆರಾನ್ ಮತ್ತು ಸಂಗಡಿಗರು 2015ರಲ್ಲಿ ಅಮೆರಿಕದ ಸುಮಾರು 1,200 ಮನೆಗಳಿಂದ ಒಂದೇ ಮಾತು ಹೇಳಿದರು: ಮನೆಯ ಧೂಳಿನ ಶಿಲೀಂಧ್ರಗಳು ಮುಖ್ಯವಾಗಿ ತಿಳಿಸುವುದು ಮನೆ ಯಾವ ಊರಿನಲ್ಲಿದೆ ಎಂಬುದನ್ನು. ಹಾಗಾದರೆ ಊರಿನ ಗಾಳಿಯನ್ನು ಕಳೆದು ಕಟ್ಟಿದ ಅಂಕವೊಂದು ಅಷ್ಟು ದೊಡ್ಡ ದೇಶಕ್ಕೆಲ್ಲ ಹೇಗೆ ಒಂದೇ ಅಳತೆಪಟ್ಟಿಯಾದೀತು? ಆಗುಂಬೆಯ ಮಳೆಗಾಲದ ಮನೆಯನ್ನು ಯಾರಾದರೂ ಅರ್ಮಿಗೆ ಒಡ್ಡಿದರೆ, ಅದನ್ನು ಹೋಲಿಸುವುದು ಓಹಾಯೋ, ಅರಿಜೋನಾಗಳ ಮನೆಗಳ ಜೊತೆಗೆ ಎಂಬುದು ನೆನಪಿರಲಿ.

ಅರ್ಮಿಯ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಸಿನ್ಸಿನಾಟಿಯಲ್ಲಿ ಟೀನಾ ರೆಪೊನೆನ್ ತಂಡ ಮಕ್ಕಳನ್ನು ಹಸುಳೆಗಳಾಗಿದ್ದಾಗಿನಿಂದ ಹಿಂಬಾಲಿಸಿತು. ಒಂದನೇ ವಯಸ್ಸಿನಲ್ಲಿ ಮನೆಯ ಅರ್ಮಿ ಹೆಚ್ಚಿದ್ದವರಲ್ಲಿ ಏಳನೇ ವಯಸ್ಸಿಗೆ ಉಬ್ಬಸವೂ ಹೆಚ್ಚಿತ್ತು ಎಂದು 2011ರಲ್ಲಿ ತೋರಿಸಿತು. ಇದು ಸಣ್ಣ ಮಾತಲ್ಲ. ಆದರೆ ಅದೇ ತಂಡ ಮರುವರ್ಷ ಯಾವ ಪ್ರಭೇದಗಳಿಂದ ಈ ನಂಟು ಎಂದು ಕೆದಕಿದಾಗ ಉಳಿದದ್ದು ಮೂರು: ಆಸ್ಪರ್ಜಿಲಸ್ ಆಕ್ರೇಸಿಯಸ್, ಆಸ್ಪರ್ಜಿಲಸ್ ಉಂಗ್ವಿಸ್, ಪೆನಿಸಿಲಿಯಮ್ ವೇರಿಯಾಬಿಲೆ. ಮೂರೂ ಕೂಡುವ ಗುಂಪಿನವು. ಅರ್ಮಿಯ ಒಳ್ಳೆಯ ಸಾಕ್ಷಿಯಲ್ಲೇ ಕಳೆಯುವ ಹತ್ತಕ್ಕೆ ಕೆಲಸವಿಲ್ಲ. ಸಂಶೋಧಕರು ನೂರಾರು ಮನೆಗಳನ್ನು ಒಂದಕ್ಕೊಂದು ಹೋಲಿಸಲು ಮಾಡಿಕೊಂಡ ಸಾಧನ ಇದು. ಒಂದು ಮನೆಗೆ ತೀರ್ಪು ಬರೆಯಲು ಕೂತಾಗ ಇದರ ಕೈ ನಡುಗುತ್ತದೆ.

ಹೀಗೆ ಹೇಳುತ್ತಿರುವವನು ನಾನೊಬ್ಬನೇ ಅಲ್ಲ. 2013ರ ಆಗಸ್ಟ್‌ನಲ್ಲಿ ಇಪಿಎಯದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ, ಸಂಶೋಧನೆಗೆಂದು ಮಾಡಿದ ಸಾಧನವನ್ನು ನಂಬಿ ಜನ ಮನೆಯ ಬೂಷ್ಟು ತೆಗೆಸುವ ನಿರ್ಧಾರ ಮಾಡುತ್ತಿರಬಹುದು ಎಂದು ವರದಿ ಬರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಬೂಷ್ಟಿಗೆ ಯಾವ ಸಂಖ್ಯೆಯ ಮಿತಿಯನ್ನೂ ಹಾಕದೆ, ತೇವ ತಡೆಯಿರಿ, ಬೆಳೆದದ್ದನ್ನು ತೆಗೆಯಿರಿ ಎಂದು ಸುಮ್ಮನಾಯಿತು. ಆದರೂ ದಪ್ಪ ಅಕ್ಷರದ ಅಂಕ ಇಂದಿಗೂ ಮಾರಾಟವಾಗುತ್ತಿದೆ. ಡಿಎನ್‌ಎಯ ಹೆಸರಿಗಿರುವ ಕೋರ್ಟು, ಪೊಲೀಸು, ಪಿತೃತ್ವದ ಮರ್ಯಾದೆಯನ್ನು ಕೊನೆಯ ಸಾಲಿನ ಅಂಕಗಣಿತ ಪುಕ್ಕಟೆಯಾಗಿ ಹೊದ್ದುಕೊಂಡಿದೆ.

ಅರ್ಮಿ ತರಿಸಿದವರು ಕೊನೆಯ ಸಾಲನ್ನು ಕೈಯಲ್ಲಿ ಮುಚ್ಚಿಕೊಂಡು ಮೂವತ್ತಾರು ಸಾಲನ್ನು ಒಂದೊಂದಾಗಿ ಓದಲಿ, ಎರಡನೆಯ ಗುಂಪಿನಿಂದಲೇ ಶುರುಮಾಡಲಿ. ನನ್ನ ವಿದ್ಯಾರ್ಥಿನಿಗೂ ಅದನ್ನೇ ಹೇಳಿದೆ. ಅವಳ ವರದಿಯಲ್ಲಿ ಪೆನಿಸಿಲಿಯಮ್ ಕ್ರೈಸೋಜೀನಮ್ ಎದುರಿಗೆ 3,900 ಇತ್ತು. ಅದನ್ನು ಕಳೆದು 1.6 ಬಂದಿತ್ತು. ಕೂಡಿದ್ದರೆ 8.8 ಬರುತ್ತಿತ್ತು.