ಚೌಕ ಬಂದರೆ ಪರವಾಗಿಲ್ಲ, ‘ಳ’ ಬಂದರೆ ಕಷ್ಟ

ಹಲ್ಮಿಡಿ ಶಾಸನದಲ್ಲಿ ‘ಬಾಳ್ಗೞ್ಚು’ ಅನ್ನೋ ಪದ ಇದೆ. ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆ. ಕತ್ತಿ ತೊಳೆದು ವೀರನಿಗೆ ಕೊಟ್ಟ ದತ್ತಿ. ಒಂದೇ ಪದದಲ್ಲಿ ಳ, ೞ ಎರಡೂ ಇವೆ. ಇಮೇಲ್‌ನಲ್ಲಿ ನಾಲ್ಕು ಜನರ ಕೈ ದಾಟಿದ ಮೇಲೆ ಇದು ‘ಬಾಳ್ಗಳ್ಚು’ ಆಗಿರುತ್ತೆ. ಆಗ ಬಾಳ್ (ಕತ್ತಿ) ಮತ್ತು ಬಾೞ್ (ಬದುಕು) ಇವುಗಳಲ್ಲಿ ಕಲ್ಲಿನ ಮೇಲಿರೋದು ಯಾವುದು ಅಂತ ಓದುಗ ಹೇಗೆ ತಿಳೀಬೇಕು?

ಹೀಗಾದಾಗಲೆಲ್ಲ ನಾವು ‘ಫಾಂಟ್ ಸಮಸ್ಯೆ’ ಅಂದುಬಿಡ್ತೀವಿ. ಆದರೆ ಈ ಒಂದು ಹೆಸರಿನ ಕೆಳಗೆ ಬೇರೆ ಬೇರೆ ರೋಗಗಳಿವೆ. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಂಡರೆ ಪಠ್ಯ ಸರಿಯಾಗಿಯೇ ಇದೆ, ನಿಮ್ಮ ಫೋನಿನ ಫಾಂಟಿನಲ್ಲಿ ಆ ಅಕ್ಷರ ಇಲ್ಲ, ಅಷ್ಟೆ. ನಕಾರ ಪೊಲ್ಲು ಯೂನಿಕೋಡಿಗೆ ಸೇರಿದ್ದೇ 2021ರಲ್ಲಿ; ಹಳೇ ಫೋನುಗಳಲ್ಲಿ ಅದು ಚೌಕವಾಗಿ ಬಂದರೆ ಆಶ್ಚರ್ಯವಿಲ್ಲ. ಕೊಂಬು, ಟೋಪಿ ಹೊತ್ತ ಲ್ಯಾಟಿನ್ ಅಕ್ಷರಗಳ ರಾಶಿ ಬಂದರೆ ಅದು ಸಂಕೇತ ಬಿಡಿಸುವಲ್ಲಿ ಆದ ತಪ್ಪು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಚಿಹ್ನೆಗೂ ಮೂರು ಬೈಟ್. ಪಡೆದವರ ತಂತ್ರಾಂಶ ಅವನ್ನು ಮೂರು ಬೇರೆ ಅಕ್ಷರ ಅಂತ ಓದಿಕೊಂಡಿದೆ. ಸಾಮಾನ್ಯವಾಗಿ ಎನ್‌ಕೋಡಿಂಗ್ ಬದಲಿಸಿದರೆ ಸರಿಹೋಗುತ್ತೆ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ ಮಾತ್ರ ಪಠ್ಯ ದಾರಿಯಲ್ಲೇ ಹೋಯ್ತು. ಕಳಿಸಿದವರನ್ನೇ ಮತ್ತೆ ಕೇಳಬೇಕು.

ಹಳೇ ನುಡಿ, ಬರಹ ಫಾಂಟುಗಳ ಕಥೆ ಬೇರೆ. ಅಲ್ಲಿ ಕನ್ನಡದ ಆಕಾರಗಳು ಕೂತಿರೋದು ಇಂಗ್ಲಿಷ್ ಮುಂತಾದ ಅಕ್ಷರಗಳ ಜಾಗದಲ್ಲಿ. ಬರೀ ಪಠ್ಯದ ಇಮೇಲ್ ಫಾಂಟಿನ ಹೆಸರನ್ನು ಹೊತ್ತು ತರೋದಿಲ್ಲ. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಬಹುದು, ಆದರೆ ಱ, ೞ ಇರುವ ಸಾಲುಗಳನ್ನು ಪಡಿಯಚ್ಚಿನ ಜೊತೆ ಹೋಲಿಸದೆ ನಂಬಬೇಡಿ.

ಇವೆಲ್ಲ ಕಣ್ಣಿಗೆ ಕಾಣುವ ಕೆಡುಕು. ನನ್ನ ತಕರಾರು ಕಾಣದೇ ಇರೋದರ ಬಗ್ಗೆ. ಕೀಲಿಮಣೆಯಲ್ಲಿ ೞ ಸಿಗಲಿಲ್ಲ ಅಂತ ಳ ಒತ್ತೋದು, ಱ ಬದಲು ರ ಹಾಕೋದು, ಆಮೇಲೆ ಮೇಲ್ಗಡೆ ‘ಮೂಲಪಾಠ’ ಅಂತ ಬರೆಯೋದು! ಇದು ತಂತ್ರಾಂಶದ ತಪ್ಪಲ್ಲ. ಕಿಱುದೆಱೆ ಅಂದರೆ ಸಣ್ಣ ತೆರಿಗೆ. ಅದನ್ನು ‘ಕಿರುದೆರೆ’ ಮಾಡಿದರೆ ಟೀವಿಗೆ ಇನ್ನೊಂದೇ ಹೆಜ್ಜೆ. ನಗು ಬರಬಹುದು, ಆದರೆ ತೆಱೆ (ತೆರಿಗೆ), ತೆರೆ (ಅಲೆ) ಬೇರೆ ಬೇರೆ ಪದಗಳು. ಅದಕ್ಕಿಂತ ಮುಖ್ಯ, ೞ ಹೋಗಿ ಳ ಬಂದದ್ದು, ಱ ಹೋಗಿ ರ ಬಂದದ್ದು ಕನ್ನಡದ ಚರಿತ್ರೆಯಲ್ಲಿ ನಿಜವಾಗಿ ನಡೆದ ಬದಲಾವಣೆ. ಕಾಲ ನಮೂದಿಸದ ಶಾಸನದ ಕಾಲ ಊಹಿಸುವಾಗ ಇದೂ ಒಂದು ಆಧಾರ. ಬೆರಳಚ್ಚಿನಲ್ಲಿ ಅದನ್ನು ಅಳಿಸಿದರೆ ಶಾಸನವನ್ನೇ ಕೆಲವು ಶತಮಾನ ಈಚೆಗೆ ಎಳೆದಂತೆ. ಆಮೇಲೆ ಅದೇ ಪಾಠ ನಕಲಾಗಿ ನಕಲಾಗಿ ಪುಸ್ತಕದೊಳಗೂ ಕೂರುತ್ತೆ.

ಯೂನಿಕೋಡೂ ಈ ವಿಷಯದಲ್ಲಿ ಸಾಚಾ ಅಲ್ಲ ಬಿಡಿ. ೞ ಅಕ್ಷರಕ್ಕೆ ಅದು ಕೊಟ್ಟ ಹೆಸರು ‘ಕನ್ನಡ ಲೆಟರ್ ಫಾ’! ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಅನ್ನೋದು ಅವರ ನಿಯಮ. ಹಾಗಾಗಿ ತಿದ್ದುಪಡಿಯನ್ನು ಪರ್ಯಾಯ ನಾಮವಾಗಿ ಸೇರಿಸಿ ಸುಮ್ಮನಾಗಿದ್ದಾರೆ. ಕ್ಯಾರೆಕ್ಟರ್ ಮ್ಯಾಪಿನಲ್ಲಿ ೞ ಹುಡುಕಿ ಸಿಗದವರು ‘ಫಾ’ ಅಂತ ಹುಡುಕಿ ನೋಡಿ.

ಱ ಅಂತೂ ಸುಲಭ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು ರ ಕೀಲಿ ಒತ್ತಿದರೆ ಆಯ್ತು. ೞ ಅನ್ನು ಒಮ್ಮೆ ನಕಲು ಮಾಡಿ ಫೋನಿನ ಟಿಪ್ಪಣಿಯಲ್ಲಿ ಇಟ್ಟುಕೊಳ್ಳಿ. ಪಾಠ ಕಳಿಸುವಾಗ ಫಾಂಟ್ ಅಡಕವಾದ ಪಿಡಿಎಫ್ ಒಂದು, ಪಡಿಯಚ್ಚಿನ ಚಿತ್ರ ಒಂದು ಜೊತೆಗಿರಲಿ. ಕೆಳಗೆ ಮಾತಿನಲ್ಲೇ ‘ಎರಡನೇ ಸಾಲಿನಲ್ಲಿರೋದು ಶಕಟರೇಫ’, ‘ಇಲ್ಲಿ ರಳ’ ಅಂತ ಬರೆದುಬಿಡಿ. ‘ಶಕಟರೇಫ’ ಅನ್ನೋ ಪದದಲ್ಲಿ ಶಕಟರೇಫ ಇಲ್ಲ, ಆದ್ದರಿಂದ ಅದು ಯಾವ ಫೋನಿನಲ್ಲೂ ಕಾಣುತ್ತೆ.